ಹಡಗಿನವರ ಅಂಚೆ: ಹೋಮರ್ ಒಂದೇ ಮಾತಿನಲ್ಲಿ ಮುಗಿಸಿದ ಊರು

ಹೋದ ತಿಂಗಳು ಲಂಗರಿನ ಸರಪಳಿ ಬಗ್ಗೆ ಒಬ್ಬರು ಕೇಳಿದ್ದರು. ಅದಕ್ಕೆ ಉತ್ತರ ಬರೆಯುವಾಗ ಮಾತಿಗೆ ಮಾತು ಬಂದು, "ಗ್ರೀಸಿನಲ್ಲಿ ಟೊಲೊ ಅಂತ ಒಂದು ಹಳ್ಳಿ, ಒಂಬತ್ತು ದಿನ ಅಲ್ಲಿದ್ದೆ, ಇವತ್ತಿಗೂ ಮರೆತಿಲ್ಲ" ಅಂತ ಒಂದು ಸಾಲು ಬರೆದುಬಿಟ್ಟೆ. ಆಮೇಲೆ ಸರಪಳಿ ಯಾರಿಗೂ ಬೇಕಾಗಲಿಲ್ಲ. ಹದಿಮೂರು ಪತ್ರ ಬಂದಿವೆ, ಹದಿಮೂರೂ ಟೊಲೊ ಬಗ್ಗೆಯೇ. ಸರಿ, ಈ ಸಲ ಪೂರ್ತಿ ಅದೇ ಆಗಲಿ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇನೆ. ಹೆಸರು ಬಿಟ್ಟುಹೋದವರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನಾಯ್ಕರೇ, ಹೊನ್ನಾವರದ ನೀವು ಗ್ರೀಸಿನ ಹಳ್ಳಿ ಸೇರಿದ್ದು ಹೇಗೆ? ಈ ಟೊಲೊ ಇರುವುದೆಲ್ಲಿ?
— ಎಂ. ಆರ್., ದಾವಣಗೆರೆ

ಸಂಬಳ ಸಿಗದೆ ಸೇರಿದ್ದು. ತಮಾಷೆ ಅಲ್ಲ.

1986ನೇ ಇಸವಿ. ಜಗತ್ತಿನಲ್ಲಿ ಹಡಗು ಜಾಸ್ತಿ, ಸರಕು ಕಡಿಮೆ ಆಗಿದ್ದ ಕಾಲ. ಬಾಡಿಗೆ ಬಿದ್ದುಹೋಗಿತ್ತು. ಮಾಲೀಕರು ಹಡಗುಗಳನ್ನು ಸಿಕ್ಕಸಿಕ್ಕಲ್ಲಿ ಲಂಗರು ಹಾಕಿಸಿ ಸುಮ್ಮನಾಗಿದ್ದರು. ಅಥೆನ್ಸ್ ಪಕ್ಕದಲ್ಲಿ ಎಲೆಫ್ಸಿನಾ ಕೊಲ್ಲಿ ಇದೆ. ಅಲ್ಲಿ ತುಕ್ಕು ಹಿಡಿದ ಹಡಗುಗಳು ಕೊಟ್ಟಿಗೆಯ ಎಮ್ಮೆಗಳ ಹಾಗೆ ಸಾಲಾಗಿ ನಿಂತಿದ್ದವು. ನಮ್ಮದೂ ಅದರಲ್ಲಿ ಒಂದು. ನಾನಾಗ ಥರ್ಡ್ ಎಂಜಿನಿಯರ್. ಉಳಿದವರನ್ನೆಲ್ಲ ಮನೆಗೆ ಕಳಿಸಿ, ನಮ್ಮನ್ನು ಐದು ಜನರನ್ನು ಕಾವಲಿಗೆ ಇಟ್ಟುಕೊಂಡರು. ನಾಲ್ಕು ತಿಂಗಳು ಸಂಬಳವಿಲ್ಲ. ಕಂಪನಿ ಯಾವುದು ಅಂತ ಕೇಳಬೇಡಿ. ಕೊನೆಗೆ ಕೊಟ್ಟರು, ಅರ್ಧ.

ನಮ್ಮ ಜೊತೆ ಗ್ರೀಕ್ ಬೋಸನ್, ಅಂದರೆ ಡೆಕ್ಕಿನ ಕೆಲಸಗಾರರ ಮೇಸ್ತ್ರಿ, ಒಬ್ಬರಿದ್ದರು. ಐವತ್ತು ದಾಟಿದ ಮನುಷ್ಯ. ಅಲ್ಲಿ ವಯಸ್ಸಾದ ನಾವಿಕರನ್ನು "ಬಾರ್ಬಾ" ಅಂತ ಕರೆಯುತ್ತಾರೆ. ನಾವು "ಮಾವ" ಅಂದ ಹಾಗೆ. ನಾನೂ ಹಾಗೇ ಕರೆಯುತ್ತಿದ್ದೆ. ಅವರ ಈಸ್ಟರ್ ಹಬ್ಬ ಹತ್ತಿರ ಬಂತು. "ಹಬ್ಬದ ದಿನವೂ ಈ ತಗಡಿನ ಡಬ್ಬದಲ್ಲಿ ಕೂರ್ತೀಯಾ? ನಡಿ ನಮ್ಮೂರಿಗೆ" ಅಂದರು. ಹೊರಟೆ.

ಅಥೆನ್ಸಿನಿಂದ ಬಸ್ಸು. ದಾರಿಯಲ್ಲಿ ಕೊರಿಂತ್ ಕಾಲುವೆ ಸಿಗುತ್ತೆ. ಬಂಡೆಯನ್ನು ಚಾಕುವಿನಲ್ಲಿ ಕೊಯ್ದ ಹಾಗಿದೆ. ಉದ್ದ 6.3 ಕಿಲೋಮೀಟರ್, ತೆರೆದದ್ದು 1893ರಲ್ಲಿ. ತಳದಲ್ಲಿ ಅಗಲ 21 ಮೀಟರ್ ಅಷ್ಟೇ. ನಮ್ಮ ಹಡಗು 23 ಮೀಟರ್ ಅಗಲ. ಬಸ್ಸು ಸೇತುವೆ ದಾಟುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಹಡಗನ್ನು ಅದರೊಳಗೆ ತೂರಿಸಿ ಸಿಕ್ಕಿಸಿಯಾಗಿತ್ತು. ಕಾಲುವೆ ದಾಟಿದರೆ ಪೆಲೊಪೊನೀಸ್, ಗ್ರೀಸಿನ ದಕ್ಷಿಣ ಭಾಗ. ಅಲ್ಲಿಂದ ಕಿತ್ತಳೆ ತೋಟಗಳ ನಡುವೆ ನಾಫ್ಲಿಯೊ. ಅಥೆನ್ಸಿಗಿಂತ ಮೊದಲು, 1834ರವರೆಗೆ, ಹೊಸ ಗ್ರೀಸಿನ ರಾಜಧಾನಿ ಆಗಿದ್ದ ಊರು. ಅಲ್ಲಿಂದ ಹನ್ನೊಂದು ಹನ್ನೆರಡು ಕಿಲೋಮೀಟರ್ ಹೋದರೆ ಟೊಲೊ. ಒಂದು ಉದ್ದ ಮರಳ ದಂಡೆ, ಅದಕ್ಕೆ ಅಂಟಿಕೊಂಡು ಒಂದೇ ಮುಖ್ಯ ಬೀದಿ. ಎದುರಿಗೆ ನೀರಿನಲ್ಲಿ ಎರಡು ಗುಡ್ಡ. ದೊಡ್ಡದು ರೋಮ್ವಿ, ಚಿಕ್ಕದು ಕೊರೊನೀಸಿ. ಚಿಕ್ಕದರ ಮೇಲೆ ಬೆಂಕಿಪೆಟ್ಟಿಗೆಯಂಥ ಒಂದು ಬಿಳಿ ಚರ್ಚು. ಅಲ್ಲಿ ಮದುವೆ ಆಗಬೇಕಂದರೆ ದಿಬ್ಬಣ ದೋಣಿಯಲ್ಲೇ ಹೋಗಬೇಕು.

ಪ್ರಶ್ನೆ: ಈ ಊರು ಹೋಮರನ 'ಇಲಿಯಡ್'ನಲ್ಲಿ ಬರುತ್ತದಂತೆ. ಅಲ್ಲಿ ಏನು ನಡೆಯುತ್ತದೆ ಸರ್?
— ಕಾಲೇಜು ವಿದ್ಯಾರ್ಥಿನಿ, ಧಾರವಾಡ

ಏನೂ ನಡೆಯೋದಿಲ್ಲಮ್ಮ. ಅದೇ ಅದರ ವಿಶೇಷ.

ಮೊದಲನೆಯದಾಗಿ, ಬರುವ ಹೆಸರು ಟೊಲೊ ಅಲ್ಲ, ಅಸೀನೆ. ಟೊಲೊದಿಂದ ಪೂರ್ವಕ್ಕೆ ಸ್ವಲ್ಪ ದೂರ ನಡೆದರೆ ಸಮುದ್ರಕ್ಕೆ ಮೂಗು ಚಾಚಿದ ಒಂದು ಬಂಡೆಗುಡ್ಡ ಸಿಗುತ್ತೆ. ಈಗ ಅದಕ್ಕೆ ಕಸ್ತ್ರಾಕಿ ಅಂತಾರೆ, ಅಂದರೆ ಪುಟ್ಟ ಕೋಟೆ. ಹಳೆಯ ಅಸೀನೆ ಅದರ ಮೇಲೆ ಮತ್ತು ಸುತ್ತ ಇತ್ತು.

'ಇಲಿಯಡ್'ನ ಎರಡನೇ ಭಾಗದಲ್ಲಿ, ಟ್ರಾಯ್ ಯುದ್ಧಕ್ಕೆ ಯಾವ್ಯಾವ ಊರಿನವರು ಎಷ್ಟೆಷ್ಟು ಹಡಗು ತಂದರು ಅಂತ ಉದ್ದ ಪಟ್ಟಿ ಇದೆ. ಬೇರೆಯವರಿಗೆ ಓದುವಾಗ ತೂಕಡಿಕೆ ಬರಬಹುದು. ಬಂದರು ಕಚೇರಿಯ ರಿಜಿಸ್ಟರ್ ನೋಡಿ ಬೆಳೆದ ನನ್ನಂಥವರಿಗೆ ಅದೇ ಇಷ್ಟ. ಆರ್ಗೋಸ್, ತಿರಿನ್ಸ್, ಎಪಿದಾವ್ರೋಸ್ ಮೊದಲಾದ ಊರುಗಳು ಸೇರಿ 80 ಹಡಗು, ಮುಂದಾಳು ಡಯೊಮೀಡಿಸ್. ಆ ಊರುಗಳ ನಡುವೆ, ಆಳವಾದ ಕೊಲ್ಲಿಯ ಮೇಲಿರುವ ಊರುಗಳು ಅಂತ ಎರಡು ಹೆಸರು ಬರುತ್ತವೆ. ಹೆರ್ಮಿಯೊನೆ, ಆಮೇಲೆ "ಅಸೀನೆನ್ ತೆ". ಆ "ತೆ" ಅಂದರೆ ನಮ್ಮ "ಊ". ಗ್ರೀಕಿನಲ್ಲಿ ಬಿಡಿಸಿ ಬರೆದರೆ ಎರಡು ಪದ. ಕನ್ನಡದಲ್ಲಿ "ಅಸೀನೆಯೂ" ಅಂದರೆ ಒಂದರಲ್ಲೇ ಮುಗಿಯಿತು.

ಅಷ್ಟೇ. ರಾಜನ ಹೆಸರಿಲ್ಲ. ಎಷ್ಟು ಜನ ಹೋದರು, ಎಷ್ಟು ಜನ ವಾಪಸ್ ಬಂದರು ಅನ್ನೋದಿಲ್ಲ. ಮದುವೆ ಕಾಗದದ ಕೊನೆಗೆ "ಹಾಗೂ ಬಂಧುಮಿತ್ರರು" ಅಂತ ಹಾಕ್ತಾರಲ್ಲ, ಹಾಗೆ ಬಂದು ಹೋಗಿದೆ.

ಆದರೆ ಆ ಒಂದು ಮಾತು ಒಬ್ಬ ಕವಿಗೆ ಸಾಕಾಯಿತು. ಯೋರ್ಗೋಸ್ ಸೆಫೆರಿಸ್ ಅಂತ. 1963ರಲ್ಲಿ ನೊಬೆಲ್ ಬಂತು, ಸಾಹಿತ್ಯಕ್ಕೆ ಅದನ್ನು ಪಡೆದ ಮೊದಲ ಗ್ರೀಕ್ ಅವರು. ಅವರು ಈ ಗುಡ್ಡಕ್ಕೆ ಬಂದು ಹೋಗಿ 'ಅಸೀನೆಯ ರಾಜ' ಅಂತ ಒಂದು ಕವಿತೆ ಬರೆದರು, 1940ರಲ್ಲಿ ಮುಗಿಯಿತು. ಹೋಮರ್ ಹೆಸರನ್ನೂ ಹೇಳದ ಆ ರಾಜನನ್ನು ಹುಡುಕುವ ಕವಿತೆ. ನಮ್ಮ ಬಾರ್ಬಾ ಓದಿದ್ದು ಐದನೇ ಕ್ಲಾಸು. ಅವರಿಗೆ ಅದರ ನಾಲ್ಕು ಸಾಲು ಬಾಯಿಗೆ ಬರುತ್ತಿತ್ತು. ಗುಡ್ಡದ ಮೇಲೆ ನಿಂತು ಹೇಳಿದರು. ನನಗೆ ಅರ್ಥವಾಗಿದ್ದು "ಅಸೀನೆನ್ ತೆ" ಮಾತ್ರ. ಅದನ್ನು ಅವರು ಎರಡು ಸಲ ಹೇಳಿದರು.

ಊರಿಗೆ ಏನಾಯಿತು ಅನ್ನೋದನ್ನು ಪೌಸಾನಿಯಸ್ ಅನ್ನುವ ಪ್ರವಾಸಿ ಕ್ರಿ.ಶ. 2ನೇ ಶತಮಾನದಲ್ಲಿ ಬರೆದಿಟ್ಟಿದ್ದಾನೆ. ಸ್ಪಾರ್ಟಾದವರು ಆರ್ಗೋಸ್ ಮೇಲೆ ದಾಳಿ ಮಾಡಿದಾಗ ಅಸೀನೆಯವರು ಸ್ಪಾರ್ಟಾದ ಜೊತೆ ಸೇರಿದರು. ಪಕ್ಕದ ಮನೆಯವರ ಮೇಲೆ ದೂರದವರ ಜೊತೆ ಸೇರಿದರೆ ಏನಾಗುತ್ತೆ? ಸ್ಪಾರ್ಟಾದವರು ತಮ್ಮ ಪಾಡಿಗೆ ಮನೆಗೆ ಹೋದರು. ಆರ್ಗೋಸಿನವರು ಬಂದು ಅಸೀನೆಯನ್ನು ಮುತ್ತಿದರು. ಇನ್ನು ಉಳಿಗಾಲ ಇಲ್ಲ ಅಂತ ಗೊತ್ತಾದಾಗ ಊರಿನವರು ಹೆಂಡತಿ ಮಕ್ಕಳನ್ನು ಹಡಗು ಹತ್ತಿಸಿಕೊಂಡು ಹೊರಟೇಬಿಟ್ಟರು. ಇದು ಕ್ರಿ.ಪೂ. 8ನೇ ಶತಮಾನದ ಕೊನೆಯ ಹೊತ್ತಿಗೆ. ಆರ್ಗೋಸಿನವರು ಊರನ್ನು ನೆಲಸಮ ಮಾಡಿದರು, ಅಪೊಲೊ ದೇವಸ್ಥಾನ ಒಂದನ್ನು ಬಿಟ್ಟು. ದೇವರ ಹೆದರಿಕೆ ಎಲ್ಲ ಕಡೆ ಒಂದೇ.

ಹಡಗು ಹತ್ತಿದವರಿಗೆ ಸ್ಪಾರ್ಟಾ ಪೆಲೊಪೊನೀಸಿನ ಇನ್ನೊಂದು ಮೂಲೆಯಲ್ಲಿ, ಮೆಸ್ಸೀನಿಯಾದಲ್ಲಿ, ಜಾಗ ಕೊಟ್ಟಿತು. ಅಲ್ಲೂ ಅವರು ಊರಿಗೆ ಅಸೀನೆ ಅಂತಲೇ ಹೆಸರಿಟ್ಟರು. ಈಗಿನ ಕೊರೋನಿ ಇರುವುದು ಅದೇ ಜಾಗದಲ್ಲಿ. ಎಂಟುನೂರು ವರ್ಷದ ಮೇಲೆ ಪೌಸಾನಿಯಸ್ ಹೋದಾಗಲೂ ಅಲ್ಲಿಯವರು "ನಾವು ದ್ರಿಯೋಪರು" ಅಂತ ತಮ್ಮ ಹಳೆಯ ಕುಲದ ಹೆಸರನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರಂತೆ.

ಪ್ರಶ್ನೆ: ಅಲ್ಲಿ ಉತ್ಖನನ ಮಾಡಿದ್ದು ಒಬ್ಬ ರಾಜಕುಮಾರನಂತೆ, ನಿಜವೇ?
— ನಿವೃತ್ತ ಇತಿಹಾಸ ಶಿಕ್ಷಕ, ಬಾದಾಮಿ

ಪೂರ್ತಿ ನಿಜ ಅಲ್ಲ, ಸುಳ್ಳೂ ಅಲ್ಲ. ಸ್ವೀಡನ್ನಿನ ಯುವರಾಜ ಗುಸ್ತಾಫ್ ಅಡಾಲ್ಫ್‌ಗೆ ಪ್ರಾಚೀನ ವಸ್ತುಗಳ ಹುಚ್ಚು. 1920ರಲ್ಲಿ ಈ ಕಡೆ ಬಂದವರು ಗುಡ್ಡ ನೋಡಿ, ಇಲ್ಲಿ ಅಗೆಯಬೇಕು ಅಂದರು. 1922ರಲ್ಲಿ ಸ್ವೀಡನ್ನಿನ ತಂಡ ಕೆಲಸ ಶುರು ಮಾಡಿತು. 1930ರವರೆಗೆ ನಡೆಯಿತು. ಮುಂದೆ ನಿಂತು ಮಾಡಿಸಿದ್ದು ಒಟ್ಟೊ ಫ್ರೊಡಿನ್ ಮತ್ತು ಆಕ್ಸೆಲ್ ಪೆರ್ಸನ್. ಯುವರಾಜರು ಬಂದು ಕೈಗೆ ಮಣ್ಣು ಮಾಡಿಕೊಂಡದ್ದೂ ಹೌದು. ಅವರೇ 1950ರಲ್ಲಿ ಸ್ವೀಡನ್ನಿನ ರಾಜರಾದದ್ದು.

ಸಿಕ್ಕಿದ್ದರಲ್ಲಿ ಹೆಸರಾದದ್ದು ಸುಟ್ಟ ಮಣ್ಣಿನ ಒಂದು ತಲೆ. ಮೈಸೀನಿಯನ್ ಕಾಲದ ಕೊನೆಯದು, ಮೂರು ಸಾವಿರ ವರ್ಷಕ್ಕೂ ಹಳೆಯದು. ಒಂದು ಮನೆಯ ಮೂಲೆಯಲ್ಲಿ, ದೇವರ ಗೂಡಿನಂಥ ಜಾಗದಲ್ಲಿ ಸಿಕ್ಕಿತು. ಗದ್ದ ಮುಂದಕ್ಕೆ ಚಾಚಿತ್ತು. ಗಡ್ಡ ಇರಬೇಕು, ಗಂಡಸೇ ಇರಬೇಕು ಅಂದುಕೊಂಡು "ಅಸೀನೆಯ ದೊರೆ" ಅಂತ ಹೆಸರಿಟ್ಟರು. ಆಮೇಲೆ ಬಂದ ತಜ್ಞರು ನೋಡಿ ಇದು ಹೆಂಗಸು, ಬಹುಶಃ ದೇವತೆ ಅಂದರು. ಹೆಸರು ಮಾತ್ರ ದೊರೆ ಅಂತಲೇ ಉಳಿದಿದೆ. ನಾಫ್ಲಿಯೊದ ಮ್ಯೂಸಿಯಂನಲ್ಲಿದೆ. ವೆನಿಸಿನವರು ಉಗ್ರಾಣಕ್ಕೆ ಅಂತ ಕಟ್ಟಿದ ಕಲ್ಲಿನ ಕಟ್ಟಡ ಅದು. ನಾನು ನೋಡಿದೆ. ಒಂದು ಸೇರಿನಷ್ಟೂ ದೊಡ್ಡದಲ್ಲ. ಮುಖದಲ್ಲಿ, ಬಸ್ಸು ತಪ್ಪಿಸಿಕೊಂಡವರ ಮುಖದಲ್ಲಿ ಇರುತ್ತಲ್ಲ, ಅಂಥದ್ದೊಂದು ಕಳೆ.

ಪ್ರಶ್ನೆ: ಹಾಗಾದರೆ ಈಗಿನ ಟೊಲೊ ಜನ ಆ ಅಸೀನೆಯವರ ವಂಶದವರಲ್ವಾ?
— ಕೆ. ಎಸ್., ತೀರ್ಥಹಳ್ಳಿ

ಅಲ್ಲ. ಈಗಿನವರ ಮೂಲ ಕ್ರೀಟ್ ದ್ವೀಪ.

ನಡುವೆ ಎಷ್ಟೋ ನಡೆದುಹೋಗಿದೆ. ಅಸೀನೆ ಮತ್ತೆ ಒಂದಷ್ಟು ಕಾಲ ಕೋಟೆ ಕಟ್ಟಿಕೊಂಡು ನಿಂತಿತ್ತು. ಗುಡ್ಡದ ಬುಡದಲ್ಲಿ ಈಗಲೂ ಎದ್ದು ಕಾಣುವ ದಪ್ಪ ಕಲ್ಲಿನ ಗೋಡೆ ಅಲೆಕ್ಸಾಂಡರ್ ನಂತರದ ಕಾಲದ್ದು. 1686ರಲ್ಲಿ ವೆನಿಸಿನ ಮೊರೊಸೀನಿ ತುರ್ಕರಿಂದ ನಾಫ್ಲಿಯೊ ಕಿತ್ತುಕೊಳ್ಳಲು ಬಂದಾಗ ತನ್ನ ಹಡಗುಪಡೆ ತಂದು ನಿಲ್ಲಿಸಿದ್ದು ಟೊಲೊದಲ್ಲೇ. ನಾವಿಕನಾಗಿ ಹೇಳ್ತೀನಿ, ಒಳ್ಳೇ ಆಯ್ಕೆ. ರೋಮ್ವಿ ಗುಡ್ಡ ಅಡ್ಡ ನಿಂತಿರುವುದರಿಂದ ಒಳಗೆ ನೀರು ಕೆರೆಯ ಹಾಗೆ ಇರುತ್ತೆ.

ಮುಂದೆ ಗ್ರೀಸ್ ತುರ್ಕರಿಂದ ಬಿಡುಗಡೆ ಪಡೆಯಿತು. ಆದರೆ ಕ್ರೀಟ್ ಹೊರಗೇ ಉಳಿಯಿತು. ಅಲ್ಲೂ ಜನ ದಂಗೆ ಎದ್ದಿದ್ದರು, ರಕ್ತ ಸುರಿಸಿದ್ದರು. ಗಡಿ ಎಳೆಯುವವರು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಕ್ರೀಟ್ ಗ್ರೀಸಿಗೆ ಸೇರಿದ್ದು 1913ರಲ್ಲಿ. ಅಲ್ಲಿಂದ ಓಡಿಬಂದವರಿಗೆ 1830ರ ದಶಕದಲ್ಲಿ ಗ್ರೀಸಿನ ಒಟ್ಟೊ ರಾಜನ ಸರ್ಕಾರ ಟೊಲೊದಲ್ಲಿ ಜಾಗ ಕೊಟ್ಟಿತು. ಅವರು ಹೊಸ ಊರಿಗೆ ಮಿನೋವಾ ಅಂದರು, ಕ್ರೀಟಿನ ಮಿನೋಸ್ ರಾಜನ ನೆನಪಿಗೆ. ಆ ಹೆಸರು ನಿಲ್ಲಲಿಲ್ಲ. ಮನೆತನದ ಹೆಸರು ನಿಂತಿತು. ಕ್ರೀಟಿನವರ ಹೆಸರು "ಆಕಿಸ್" ಅಂತ ಮುಗಿಯುತ್ತೆ. ಟೊಲೊದ ಅಂಗಡಿ ಬೋರ್ಡುಗಳನ್ನು ಓದುತ್ತಾ ಹೋಗಿ, ಆಕಿಸ್, ಆಕಿಸ್, ಆಕಿಸ್. ನಮ್ಮ ಬಾರ್ಬಾನೂ ಒಬ್ಬ ಆಕಿಸ್. ಹುಟ್ಟಿದ್ದು ಟೊಲೊ, ಅವರಪ್ಪ, ತಾತ ಎಲ್ಲ ಹುಟ್ಟಿದ್ದು ಟೊಲೊ. ಕ್ರೀಟ್ ನೋಡಿದ್ದು ಹಡಗಿನಿಂದ ಎರಡು ಸಲ. ಆದರೂ ಕೇಳಿದರೆ "ನಾವು ಕ್ರೀಟಿನವರು" ಅಂತಲೇ ಶುರು.

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆ ಗ್ರೀಸಿನಿಂದ ಹಿಂದೆಗೆದಾಗ ಈ ದಂಡೆಯನ್ನೇ ಬಳಸಿದ್ದು ಅಲ್ಲವೇ?
— ನಿವೃತ್ತ ಸೈನಿಕ, ಮಡಿಕೇರಿ

ಹೌದು. ಒಳ್ಳೇ ಪ್ರಶ್ನೆ, ಸ್ವಲ್ಪ ಉದ್ದ ಹೇಳ್ತೀನಿ.

1941ರ ಏಪ್ರಿಲ್. ಜರ್ಮನರು ಉತ್ತರದಿಂದ ನುಗ್ಗಿದರು. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪಡೆಗಳು ಸಮುದ್ರದ ಕಡೆ ಹಿಮ್ಮೆಟ್ಟಿದವು. ಹಗಲಲ್ಲಿ ಜರ್ಮನ್ ವಿಮಾನಗಳದ್ದೇ ರಾಜ್ಯ. ಹಾಗಾಗಿ ಹಡಗುಗಳು ಕತ್ತಲಲ್ಲಿ ಬಂದು, ಜನರನ್ನು ತುಂಬಿಸಿಕೊಂಡು, ಬೆಳಕು ಹರಿಯುವ ಮೊದಲು ದೂರ ಹೋಗಿರಬೇಕು. ನಾಫ್ಲಿಯೊ ಬಂದರಿನಿಂದ ಸಾಗಿಸೋದು ಅಂತ ಲೆಕ್ಕ. ಆದರೆ 24ರ ರಾತ್ರಿ 'ಅಲ್ಸ್ಟರ್ ಪ್ರಿನ್ಸ್' ಅನ್ನುವ ಹಡಗು ಬಂದರಿನ ಬಾಯಲ್ಲೇ ನೆಲ ಕಚ್ಚಿತು. ಮಾರನೇ ದಿನ ವಿಮಾನಗಳು ಬಂದು ಅದನ್ನು ಅಲ್ಲೇ ಸುಟ್ಟವು. ದಕ್ಕೆ ಬಳಸೋ ಹಾಗಿಲ್ಲ. ಸೈನಿಕರನ್ನು ಟೊಲೊ ದಂಡೆಗೂ ಕಳಿಸಿದರು.

ಟೊಲೊ ದಂಡೆ ಮಕ್ಕಳು ಆಡಲು ಚೆನ್ನ, ಹಡಗಿಗೆ ಅಲ್ಲ. ಬಹಳ ದೂರದವರೆಗೂ ನೀರು ಸೊಂಟದ ಮಟ್ಟ. ಹಡಗು ಹೊರಗೆ ನಿಲ್ಲಬೇಕು, ಚಿಕ್ಕ ದೋಣಿಗಳಲ್ಲಿ ಜನರನ್ನು ಸಾಗಿಸಬೇಕು. ಆಸ್ಟ್ರೇಲಿಯಾದ 'ಸ್ಟುವರ್ಟ್' ಅನ್ನುವ ಯುದ್ಧನೌಕೆ ಹೀಗೆ ಇಲ್ಲಿಂದ ಕೆಲವು ನೂರು ಜನರನ್ನು ತೆಗೆದುಕೊಂಡು ಹೋಯಿತು. ನೀವು ಅಳಿವೆಯಲ್ಲಿ ದೋಣಿಗೆ ಸಾಮಾನು ಹೇರೋದು ನೋಡಿದ್ದರೆ ಅಂದಾಜಾಗುತ್ತೆ. ಒಂದೊಂದು ಸುತ್ತಿಗೂ ಅರ್ಧ ಗಂಟೆ, ಮುಕ್ಕಾಲು ಗಂಟೆ. ರಾತ್ರಿ ಚಿಕ್ಕದು.

ಆಮೇಲೆ 'ಸ್ಲಾಮಾಟ್' ಕಥೆ. ಡಚ್ಚರ ಪ್ರಯಾಣಿಕರ ಹಡಗು, ಯುದ್ಧಕ್ಕೆ ಅಂತ ಸೈನಿಕರನ್ನು ಸಾಗಿಸುತ್ತಿತ್ತು. 27ರ ಬೆಳಗಿನ ಜಾವ 3 ಗಂಟೆಗೆ ನಾಫ್ಲಿಯೊ ಬಿಡಬೇಕು ಅಂತ ಅಪ್ಪಣೆ. ಬಿಟ್ಟಾಗ 4 ಗಂಟೆ ದಾಟಿತ್ತು. ದಡದಲ್ಲಿ ಇನ್ನೂ ಜನ ನಿಂತಿರುವಾಗ ಎಂಜಿನ್ ಶುರು ಮಾಡಿ ಅನ್ನೋದು ಎಷ್ಟು ಕಷ್ಟ, ಯೋಚಿಸಿ. ಆ ಒಂದು ಗಂಟೆಯಲ್ಲಿ ಹತ್ತಿದವರು ಎಷ್ಟು ಖುಷಿಪಟ್ಟಿದ್ದರೋ. ಬೆಳಗಾದ ಮೇಲೆ ವಿಮಾನಗಳು ಹಿಡಿದವು. ಸ್ಲಾಮಾಟ್ ಮುಳುಗಿತು. ಬದುಕಿದವರನ್ನು ಎತ್ತಿಕೊಂಡ 'ಡೈಮಂಡ್', 'ರೈನೆಕ್' ಎರಡು ಯುದ್ಧನೌಕೆಗಳನ್ನೂ ಅದೇ ದಿನ ಮುಳುಗಿಸಿದರು. ಸತ್ತವರು ಸಾವಿರದ ಹತ್ತಿರ. ಮೂರೂ ಹಡಗು ಸೇರಿ ಉಳಿದವರು ಐವತ್ತರ ಆಸುಪಾಸು.

ನಾಫ್ಲಿಯೊ ಮತ್ತು ಟೊಲೊದಲ್ಲಿ ಹಡಗು ಸಿಗದೆ ಉಳಿದವರು ಸಾವಿರಕ್ಕೂ ಜಾಸ್ತಿ. ಅವರನ್ನು ಜರ್ಮನರು ಸೆರೆ ಹಿಡಿದರು. ಆಮೇಲೆ ಇಟಾಲಿಯನ್ ಸೈನಿಕರು ಬಂದು ಕಸ್ತ್ರಾಕಿ ಗುಡ್ಡದ ಮೇಲೆ ಕೂತರು. ಸ್ವೀಡನ್ನಿನವರು ಬ್ರಷ್ಷು ಹಿಡಿದು ಒಂದೊಂದೇ ಕಲ್ಲು ಬಿಡಿಸಿಟ್ಟಿದ್ದ ಜಾಗದಲ್ಲಿ ಮದ್ದುಗುಂಡಿನ ಗೂಡುಗಳನ್ನು ಕಟ್ಟಿದರು.

ಬಾರ್ಬಾಗೆ ಆಗ ಒಂಬತ್ತು ವರ್ಷ. ಹಡಗುಗಳ ಬಗ್ಗೆ ಅವರು ಏನೂ ಹೇಳಲಿಲ್ಲ. ಅವರ ಮನೆ ಮೆಟ್ಟಿಲ ಮೇಲೆ ಒಂದು ಚೌಕ ತಗಡಿನ ಡಬ್ಬ ಇತ್ತು, ಅದರಲ್ಲಿ ತುಳಸಿಯಂಥ ಗಿಡ. ಅವರಲ್ಲಿ "ವಾಸಿಲಿಕೊ" ಅಂತಾರೆ, ಪ್ರತಿ ಮನೆ ಮುಂದೆಯೂ ಇರುತ್ತೆ. ಡಬ್ಬಕ್ಕೆ ಬಿಳಿ ಸುಣ್ಣ ಹೊಡೆದಿದ್ದರು. ಸುಣ್ಣದ ಕೆಳಗೆ ಉಬ್ಬಿದ ಇಂಗ್ಲಿಷ್ ಅಕ್ಷರ ಕಾಣುತ್ತಿತ್ತು. ಸೈನಿಕರ ಬಿಸ್ಕತ್ತಿನ ಡಬ್ಬ. "ಆ ರಾತ್ರಿ ದಂಡೆ ತುಂಬ ಇವೇ ಬಿದ್ದಿದ್ದವು, ಅಮ್ಮ ನಾಲ್ಕು ತಂದಿದ್ದಳು" ಅಂದರು. ಅಷ್ಟೇ.

ಪ್ರಶ್ನೆ: ಗ್ರೀಕ್ ನಾಟಕದಲ್ಲಿ ಕನ್ನಡ ಮಾತು ಇದೆ ಅಂತಾರೆ. ಅದೂ ಈ ಕಡೆಯದೇ?
— ಪಿ. ಬಿ., ಉಡುಪಿ

ಈ ಕಡೆಯದಲ್ಲ. ಅದು ಸಿಕ್ಕಿದ್ದು ಈಜಿಪ್ಟಿನಲ್ಲಿ, ಆಕ್ಸಿರಿಂಕಸ್ ಅನ್ನುವ ಊರಿನ ಕಸದ ದಿಬ್ಬದಲ್ಲಿ. 1903ರಲ್ಲಿ ಅಚ್ಚಾಯಿತು. ಖಾರಿಟಿಯಾನ್ ಅನ್ನುವ ಗ್ರೀಕ್ ಹೆಣ್ಣು ಭಾರತದ ಯಾವುದೋ ಕಡಲ ತೀರದಲ್ಲಿ ಸಿಕ್ಕಿಬಿದ್ದಿರುತ್ತಾಳೆ. ಅವಳ ಅಣ್ಣ ಬಂದು ಅಲ್ಲಿಯ ರಾಜನಿಗೆ ಚೆನ್ನಾಗಿ ಕುಡಿಸಿ, ಅವಳನ್ನು ಹಡಗು ಹತ್ತಿಸಿಕೊಂಡು ಹೋಗುತ್ತಾನೆ. ರಾಜ ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡ ಇರಬಹುದು ಅಂತ 1904ರಲ್ಲಿ ಹುಲ್ಟ್ಶ್ ಅನ್ನುವ ಜರ್ಮನ್ ವಿದ್ವಾಂಸರು ಹೇಳಿದರು. ನಮ್ಮ ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಮುಂದುವರಿಸಿದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ನನಗೆ ಕನ್ನಡವೇ ಆಗಿರಲಿ ಅಂತ ಆಸೆ. ಆದರೆ ಆಸೆ ಬೇರೆ, ಆಧಾರ ಬೇರೆ.

ಅನುಮಾನವಿಲ್ಲದ ನಂಟು ಬೇಕಾದರೆ ಮಾತಿನಲ್ಲಿ ಹುಡುಕಿ. ನಾವು ದಿನಾ ಬಳಸುವ "ಕೇಂದ್ರ" ಗ್ರೀಕಿನ "ಕೆಂಟ್ರಾನ್". ನಮ್ಮ ಶಾಸನಗಳಲ್ಲಿ ಬರುವ "ದ್ರಮ್ಮ" ಗ್ರೀಕರ ದ್ರಾಖ್ಮಾ. ನಾನು ಟೊಲೊದಲ್ಲಿ ಕಾಫಿಗೆ ದ್ರಾಖ್ಮಾ ಕೊಟ್ಟೆ. 2002ರಲ್ಲಿ ಅವರು ಯೂರೋಗೆ ಹೋದರು. ಈಗ ದ್ರಮ್ಮ ಉಳಿದಿರುವುದು ನಮ್ಮ ಕಲ್ಲುಗಳ ಮೇಲೆ ಮಾತ್ರ.

ಪ್ರಶ್ನೆ: ನಾಯ್ಕರೇ, ನಾವು ಮೀನು, ಮೊಟ್ಟೆ ಮುಟ್ಟದವರು. ಮಗಳು ಕರೆದುಕೊಂಡು ಹೋಗ್ತೇನೆ ಅಂತಿದ್ದಾಳೆ. ಊಟದ ಗತಿ ಏನು?
— ಗೃಹಿಣಿ, ಶಿರಸಿ

ಧೈರ್ಯವಾಗಿ ಹೋಗಿ ಅಕ್ಕಾ. ಈಸ್ಟರಿಗೆ ಮುಂಚಿನ ವಾರಗಳಲ್ಲಿ ಹೋದರೆ ಇನ್ನೂ ಒಳ್ಳೇದು. ಅವರದ್ದು ಉಪವಾಸದ ಕಾಲ ಅದು. ಮಾಂಸ, ಹಾಲು, ಮೊಟ್ಟೆ ಇಲ್ಲ. ಆ ಅಡುಗೆಗೆ "ನಿಸ್ತೀಸಿಮೊ" ಅಂತಾರೆ. ಆ ಪದ ಬಾಯಿಪಾಠ ಮಾಡಿಕೊಳ್ಳಿ, ಅರ್ಧ ಕೆಲಸ ಆಯಿತು. ಫಾಸೊಲಾದಾ ಅಂತ ಬಿಳಿ ಬೀನ್ಸಿನ ಗಟ್ಟಿ ಸಾರು. ಫಾವಾ ಅಂತ ಹಳದಿ ಬೇಳೆ ನುಣ್ಣಗೆ ಬೇಯಿಸಿ ಮೇಲೆ ಈರುಳ್ಳಿ, ಎಣ್ಣೆ. ನಮ್ಮ ತೊವ್ವೆಯ ದೂರದ ನೆಂಟ. ಹೋರ್ತಾ ಅಂತ ಗುಡ್ಡದಿಂದ ಕಿತ್ತು ತಂದ ಸೊಪ್ಪು, ಬೇಯಿಸಿ ನಿಂಬೆಹಣ್ಣು ಹಿಂಡಿದ್ದು. ಒಗ್ಗರಣೆ ಮಾತ್ರ ಕನಸಲ್ಲೇ.

ಒಂದು ಎಚ್ಚರಿಕೆ. ನಿಸ್ತೀಸಿಮೊ ಅಂದ ಮಾತ್ರಕ್ಕೆ ಶುದ್ಧ ಸಸ್ಯಾಹಾರ ಅಲ್ಲ. ಆಕ್ಟೋಪಸ್, ಸಿಗಡಿ, ಬೊಂಡಾಸಕ್ಕೆ ರಕ್ತ ಇಲ್ಲ ಅನ್ನೋದು ಅವರ ಲೆಕ್ಕ. ಹಾಗಾಗಿ ಉಪವಾಸದಲ್ಲೂ ನಡೆಯುತ್ತೆ. ನೀವು "ನಿಸ್ತೀಸಿಮೊ" ಅಂತ ಕೇಳಿ ನೆಮ್ಮದಿಯಾಗಿ ಕೂತರೆ ತಟ್ಟೆಯಲ್ಲಿ ಎಂಟು ಕಾಲು ಬರಬಹುದು. ಬಾರ್ಬಾ ಬೆಳಿಗ್ಗೆ ಆಕ್ಟೋಪಸ್ ಹಿಡಿದು ತಂದು ಕಲ್ಲಿನ ಮೇಲೆ ಬಟ್ಟೆ ಒಗೆಯುವ ಹಾಗೆ ಬಡಿಯುತ್ತಿದ್ದರು. ನಲವತ್ತು ಸಲ, ಎಣಿಸಿ. ಇಲ್ಲದಿದ್ದರೆ ರಬ್ಬರಿನ ಹಾಗೆ ಇರುತ್ತಂತೆ. ಆಮೇಲೆ ಅದನ್ನು ಬಟ್ಟೆ ಒಣಹಾಕುವ ಹಗ್ಗದ ಮೇಲೆಯೇ ಒಣಗಲು ಹಾಕೋದು, ಪಕ್ಕದಲ್ಲಿ ನನ್ನ ಬನಿಯನ್ನು.

ಅಂದಹಾಗೆ ಆ ವರ್ಷ ಹಬ್ಬ ಬಿದ್ದದ್ದು ಮೇ 4ಕ್ಕೆ. ಚೆರ್ನೋಬಿಲ್ ಸ್ಫೋಟವಾಗಿ ಒಂದು ವಾರ. ಆ ಮೋಡ ಗ್ರೀಸಿನ ಮೇಲೂ ಬಂತು ಅಂತ ಸುದ್ದಿ. ಅಂಗಡಿಯಲ್ಲಿ ಡಬ್ಬದ ಹಾಲು ಒಂದೇ ಬೆಳಿಗ್ಗೆಗೆ ಖಾಲಿ. ಸೊಪ್ಪು ತಿನ್ನಬೇಕೋ ಬೇಡವೋ ಅಂತ ಹೆಂಗಸರು ಜಗುಲಿಯಲ್ಲಿ ಕೂತು ವಾದ ಮಾಡುತ್ತಿದ್ದರು. ಶನಿವಾರ ಮಧ್ಯರಾತ್ರಿ ಚರ್ಚಿನಿಂದ ಎಲ್ಲರೂ ಮೇಣದಬತ್ತಿ ಹಚ್ಚಿಕೊಂಡು ದಂಡೆಯ ಮೇಲೆ ಬಂದರು. ಗಾಳಿಗೆ ಆರದ ಹಾಗೆ ಕೈ ಅಡ್ಡ ಹಿಡಿದುಕೊಂಡು. ಆಮೇಲೆ ಕೆಂಪು ಬಣ್ಣದ ಮೊಟ್ಟೆಗೆ ಮೊಟ್ಟೆ ಗುದ್ದುವ ಆಟ. ನನ್ನದು ಮೊದಲ ಸುತ್ತಿಗೇ ಒಡೆಯಿತು.

ಪ್ರಶ್ನೆ: ಈಗ ಹೇಗಿದೆ ಆ ಊರು? ಮೀನುಗಾರಿಕೆ ಇದೆಯೇ?
— ಮೀನುಗಾರರ ಸಂಘದ ಸದಸ್ಯ, ಮಲ್ಪೆ

ನಾನು ಹೋದಾಗಲೇ ದಂಡೆಯ ಉದ್ದಕ್ಕೂ ಹೋಟೆಲು ಎದ್ದಿದ್ದವು. ಜರ್ಮನಿ, ಹಾಲೆಂಡ್, ಇಂಗ್ಲೆಂಡಿನಿಂದ ಬಿಸಿಲು ಕಾಯಿಸಿಕೊಳ್ಳಲು ಬರುತ್ತಾರೆ. 1941ರಲ್ಲಿ ಯಾರ್ಯಾರು ಬಂದಿದ್ದರೋ ಅವರ ಮಕ್ಕಳೇ ಈಗ ಛತ್ರಿ ಹಾಕಿಕೊಂಡು ಮಲಗಿದ್ದಾರೆ ಅಂತ ಬಾರ್ಬಾ ನಗುತ್ತಿದ್ದರು.

ಮೀನಿನ ಕಥೆ ನಿಮಗೆ ಹೊಸದೇನಲ್ಲ. ಅಲ್ಲಿಯೂ ನಮ್ಮ ಪರ್ಸೀನ್ ಥರದ ಬೋಟು ಇವೆ, "ಗ್ರಿ-ಗ್ರಿ" ಅಂತಾರೆ. ರಾತ್ರಿ ದೀಪ ಹಾಕಿ ಮೀನು ಒಟ್ಟು ಮಾಡಿ ಬಲೆ ಸುತ್ತೋದು. ಲೈಟ್ ಫಿಶಿಂಗ್ ಬಗ್ಗೆ ನಮ್ಮಲ್ಲಿ ನಡೆದ ಜಗಳ ನಿಮಗೆ ಗೊತ್ತಲ್ಲ. ಚಿಕ್ಕವರ ಹತ್ತಿರ ಮರದ ದೋಣಿ. "ತ್ರೆಖಂದೀರಿ" ಅಂತ ಅದರ ಜಾತಿ. ಮುಂದೆ ಹಿಂದೆ ಎರಡೂ ಕಡೆ ಚೂಪು, ಹೊಟ್ಟೆ ದುಂಡು. ಮೀನು ಕಡಿಮೆ ಆಯಿತು, ದೋಣಿ ಜಾಸ್ತಿ ಆಯಿತು ಅಂತ ಯುರೋಪಿಯನ್ ಒಕ್ಕೂಟ 1990ರ ದಶಕದಿಂದ ಒಂದು ಯೋಜನೆ ತಂದಿತು. ಮೀನು ಹಿಡಿಯುವ ಪರವಾನಗಿ ವಾಪಸ್ ಕೊಡಿ, ದುಡ್ಡು ಕೊಡ್ತೀವಿ. ಆದರೆ ದೋಣಿ ಒಡೆಯಬೇಕು. ಬುಲ್ಡೋಜರ್ ತಂದು ಪುಡಿ ಮಾಡಿಸಿದ್ದಕ್ಕೆ ಸಾಕ್ಷಿ ಬೇಕು. ಗ್ರೀಸಿನಲ್ಲಿ ಸಾವಿರಾರು ಮರದ ದೋಣಿಗಳು ಹಾಗೆ ಹೋದವು. ಒಂದೊಂದನ್ನೂ ಮೇಸ್ತ್ರಿಗಳು ನಕ್ಷೆ ಇಲ್ಲದೆ ಕಣ್ಣಳತೆಯಲ್ಲೇ ಕಟ್ಟಿದ್ದು. ಮೀನು ಉಳಿಸಬೇಕು, ಒಪ್ತೀನಿ. ಎಂಜಿನ್ ಕಿತ್ತು ದೋಣಿ ಬಿಟ್ಟಿದ್ದರೆ ಆಗುತ್ತಿರಲಿಲ್ವಾ? ಬಾರ್ಬಾ ದೋಣಿಯೂ ಹೋಯಿತು. ಒಡೆಯುವ ದಿನ ಅವರು ನಾಫ್ಲಿಯೊಗೆ ಹೋಗಿ ಕೂತಿದ್ದರು ಅಂತ ಮಗ ಕಾಗದ ಬರೆದಿದ್ದ.

ನೀರಿನ ವಿಷಯ ಒಂದು ಹೇಳಬೇಕು, ಎಂಜಿನಿಯರ್ ಚಟ. ಆ ಬಯಲಿನಲ್ಲಿ ಕಿತ್ತಳೆ ತೋಟಕ್ಕೆ ಅಂತ ಕೊಳವೆಬಾವಿ ಕೊರೆದೂ ಕೊರೆದೂ ಅಂತರ್ಜಲ ಇಳಿದು, ಸಮುದ್ರದ ಉಪ್ಪು ಒಳಗೆ ಬಂತು. ಕೊಲ್ಲಿಯ ಆಚೆ ದಡದಲ್ಲಿ ಕಿವೇರಿ ಅಂತ ಊರು. ಅಲ್ಲಿ ಸುಣ್ಣಕಲ್ಲಿನ ಬೆಟ್ಟದೊಳಗಿಂದ ಸಿಹಿನೀರು ಬಂದು ಸಮುದ್ರದ ತಳದಲ್ಲಿ ಬುಗುಬುಗು ಏಳುತ್ತೆ. ಅದರ ಸುತ್ತ ಸಮುದ್ರದಲ್ಲೇ ಅರ್ಧಚಂದ್ರದ ಹಾಗೆ ಗೋಡೆ ಕಟ್ಟಿದ್ದಾರೆ. ಒಳಗೆ ಸಿಹಿ, ಹೊರಗೆ ಉಪ್ಪು. ಒಳಗಿನದನ್ನು ಕಾಲುವೆಯಲ್ಲಿ ತೋಟಗಳಿಗೆ ಕಳಿಸುತ್ತಾರೆ. ಬಾರ್ಬಾ ನನಗೆ ಕೋಟೆ ತೋರಿಸಬೇಕು ಅಂತಿದ್ದರು. ನಾನು ಆ ಗೋಡೆ ಮೇಲೆ ಎರಡು ಗಂಟೆ ಕೂತಿದ್ದೆ.

ಪ್ರಶ್ನೆ: ಅಲ್ಲಿಂದ ನೆನಪಿಗೆ ಏನಾದರೂ ತಂದಿರಾ, ನಾಯ್ಕ ಮಾವ? ಹಳೇ ಕಲ್ಲು, ನಾಣ್ಯ?
— 8ನೇ ತರಗತಿ ವಿದ್ಯಾರ್ಥಿ, ಕುಮಟಾ

ಹಳೇ ಕಲ್ಲು ಎತ್ತಿಕೊಂಡು ಬಂದರೆ ಜೈಲಿಗೆ ಹಾಕ್ತಾರೆ ಮಾರಾಯ. ಹಾಗೆ ಮಾಡಲೂಬಾರದು. ನಾನು ತಂದದ್ದು ಬಲೆ ಹೆಣೆಯುವ ಒಂದು ಮರದ ಸೂಜಿ. ಹೊರಡುವ ದಿನ ಬಾರ್ಬಾ ಕಿಸೆಯಿಂದ ತೆಗೆದು ಕೊಟ್ಟದ್ದು. ಆಲಿವ್ ಮರದಲ್ಲಿ ಅವರೇ ಕೆತ್ತಿದ್ದು, ಗೇಣುದ್ದ. ಕೈ ತಾಗಿ ತಾಗಿ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಊರಿಗೆ ಬಂದು ಕಾಸರಕೋಡಿನ ದೋಣಿ ಮನೆಯ ದೋಸ್ತನಿಗೆ ತೋರಿಸಿದೆ. ಎಲ್ಲಿಯದು, ಯಾರದ್ದು ಅಂತ ಒಂದು ಮಾತು ಕೇಳಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದ, ನೂಲು ಸುತ್ತಿದ, ಪಕ್ಕದಲ್ಲಿದ್ದ ಹರಿದ ಬಲೆ ಎಳೆದುಕೊಂಡು ಕೂತ. ಇನ್ನೂ ವಾಪಸ್ ಕೊಟ್ಟಿಲ್ಲ.